ಹಿತ್ತಿಲ ಕೊಳಕ್ಕೆ ಕಪ್ಪು ಹಾಳೆ: ಎರಡು ಮಳೆಗಾಲ ಕಳೆದ ಮೇಲೆ

ಮಲೆನಾಡಿನ ಸಾಗರ ಪಟ್ಟಣದ ಕಡೆಯ ನಮ್ಮ ಮನೆಯ ಹಿತ್ತಿಲಿನಲ್ಲಿ ನೈದಿಲೆ ಬೆಳೆಸಲು ಸಣ್ಣದೊಂದು ಕೊಳ ಬೇಕು ಎಂದಾಗ ಅತ್ತೆ ಹೇಳಿದ್ದು ಒಂದೇ ಮಾತು: “ಜೇಡಿಮಣ್ಣು ತುಳಿದು ಮೆತ್ತು, ನೀರು ಎಲ್ಲಿಗೆ ಹೋಗುತ್ತದೆ ನೋಡೋಣ.” ಮೂರು ದಿನ ತುಳಿದೆವು. ಡಿಸೆಂಬರ್‌ವರೆಗೆ ನೀರು ನಿಂತಿತು. ಫೆಬ್ರುವರಿಯಲ್ಲಿ ಮಟ್ಟ ಇಳಿದು, ಅಂಚಿನ ಮಣ್ಣು ಒಣಗಿ ಬಿರುಕು ಬಿಟ್ಟಿತು. ಕೆಳಗಿರುವುದು ಜಂಬಿಟ್ಟಿಗೆಯ ನೆಲ, ಜರಡಿಯಂಥದ್ದು. ಕೊನೆಗೆ ಕೊಳದಲ್ಲಿ ಉಳಿದದ್ದು ಏಡಿಯ ಬಿಲಗಳು ಮಾತ್ರ.

ಹೀಗೆ ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಗೆ ಶರಣಾದೆ. ಅಂಗಡಿಯವರು ನೀಲಿ ಬಣ್ಣದ್ದನ್ನೇ ಬಿಚ್ಚಿ ಬಿಚ್ಚಿ ತೋರಿಸಿದರು. ನನಗೆ ಈಜುಕೊಳ ಬೇಕಿರಲಿಲ್ಲ. ಕಪ್ಪು ಹಾಳೆಯಾದರೆ ಎರಡಡಿ ನೀರೂ ಆಳವಾಗಿ ಕಾಣುತ್ತದೆ, ಆಕಾಶ ಅದರಲ್ಲಿ ಮೂಡುತ್ತದೆ, ಬಿಸಿಲಿಗೂ ಹೆಚ್ಚು ಬಾಳಿಕೆ ಬರುತ್ತದೆ. ಹಟ ಹಿಡಿದು ಕಪ್ಪನ್ನೇ ತರಿಸಿಕೊಂಡೆ.

ಅಳತೆಯಲ್ಲಿ ಮಾತ್ರ ಮೋಸಹೋದೆ. ಕೊಳ 12 ಅಡಿ ಉದ್ದ, 8 ಅಡಿ ಅಗಲ, ನಡುವೆ ಎರಡೂವರೆ ಅಡಿ ಆಳ. ಎರಡೂ ಬದಿಯ ಆಳ ಸೇರಿಸಿ, ಅಂಚಿನಲ್ಲಿ ಹೂಳಲು ಒಂದೊಂದು ಅಡಿ ಬಿಟ್ಟರೆ 19 ಅಡಿಗೆ 15 ಅಡಿ ಹಾಳೆ ಬೇಕು. “ಅಂಚಿಗೆ ಅರ್ಧ ಅಡಿ ಧಾರಾಳ” ಎಂದು ಅಂಗಡಿಯವರು 18ಕ್ಕೆ 14 ಕತ್ತರಿಸಿ ಕೊಟ್ಟರು. ನಾನೂ ತಲೆಯಾಡಿಸಿದೆ. ಈಶಾನ್ಯದ ಮೂಲೆಯಲ್ಲಿ ಇಂದಿಗೂ ಕಲ್ಲು ಸರಿದರೆ ಹಾಳೆಯ ತುದಿ ಹಲ್ಲು ಕಿರಿಯುತ್ತದೆ.

ಹಾಳೆಯ ದೊಡ್ಡ ದೋಷವೆಂದರೆ ಅದರ ಬಿರುಸು. ರಬ್ಬರಿನ ಹಾಗೆ ತಿರುವಿಗೆ ಒಗ್ಗುವುದಿಲ್ಲ. ಹಾಸಲು ಬಂದವರು ಕತ್ತರಿಸಿ ಬಿಸಿಗಾಳಿಯಲ್ಲಿ ಬೆಸೆಯುತ್ತೇವೆ ಎಂದರು. ಬೆಸುಗೆ ಎಂದರೆ ಮುಂದೊಂದು ದಿನದ ಸೋರಿಕೆ ಎಂಬ ಗುಮಾನಿ ನನ್ನದು. ಹಾಳೆಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಹರಡಿ, ಮೆತ್ತಗಾದ ಮೇಲೆ ಸೀರೆಯ ನಿರಿಗೆ ಹಿಡಿದಂತೆ ಒಂದೊಂದು ತಿರುವಿಗೆ ಎರಡು ದೊಡ್ಡ ನಿರಿಗೆ ಹಿಡಿದೆವು. ಸಣ್ಣ ಸುಕ್ಕುಗಳೆಲ್ಲ ಅದರೊಳಗೆ ಅಡಗಿದವು. ಕೆಳಗೆ ಎರಡಂಗುಲ ಮರಳು, ಅದರ ಮೇಲೆ ಹಳೆಯ ಗೋಣಿಚೀಲ.

ಕೊಳ ಸಹಜವಾಗಿ ಕಾಣುವುದು ಅಂಚಿನ ಕೆಲಸದಿಂದ. ಅಂಚು ಒಂದು ಕಡೆ ನಾಲ್ಕು ಬೆರಳು ಎತ್ತರವಾದರೂ ಸಾಕು, ಅಲ್ಲಿ ಕಪ್ಪು ಪಟ್ಟಿ ಎದ್ದು ಕಾಣುತ್ತದೆ. ನಮ್ಮ ಗಾರೆಯವರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಸುತ್ತಲೂ ಮಟ್ಟ ಹಿಡಿದುಕೊಟ್ಟರು. ಇಡೀ ಕೆಲಸದಲ್ಲಿ ಸಾರ್ಥಕವಾದ ಕೂಲಿ ಅದೊಂದೇ. ಅಂಚಿನ ಒಳಗೆ ಒಂದಡಿ ಅಗಲದ ಮೆಟ್ಟಿಲು ಬಿಟ್ಟು, ಹೊಳೆಗಲ್ಲು ಪೇರಿಸಿ, ಸಂದಿಯಲ್ಲಿ ಬಜೆ ಮತ್ತು ಒಂದೆಲಗ ನೆಟ್ಟೆ. ಜೊಂಡನ್ನು ಹತ್ತಿರ ಸೇರಿಸಲಿಲ್ಲ, ಅದರ ಚೂಪು ಬೇರು ಹಾಳೆಯನ್ನು ತೂತು ಮಾಡುತ್ತದೆ. ನೈದಿಲೆ ಕುಂಡದಲ್ಲೇ ಇದೆ. ಸೊಳ್ಳೆಮರಿಗಳ ಪಾಲಿಗೆ ಹತ್ತು ಗಪ್ಪಿ ಮೀನು.

ಮೊದಲ ಜುಲೈಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ಕೊಳದ ನಡುವೆ ಕಪ್ಪಗೆ ಎಮ್ಮೆಯ ಬೆನ್ನು! ಹತ್ತಿರ ಹೋದರೆ ಹಾಳೆಯೇ ಉಬ್ಬಿ ಮೇಲೆದ್ದಿದೆ. ಹಿಂದಿನ ಧರೆಯಿಂದ, ಅಂದರೆ ಮಣ್ಣಿನ ದಿಬ್ಬದಿಂದ, ಇಳಿದ ಒರತೆ ಹಾಳೆಯಡಿ ನುಗ್ಗಿ, ಅಲ್ಲಿದ್ದ ಗಾಳಿಯನ್ನು ಮೇಲಕ್ಕೆ ತಳ್ಳಿತ್ತು. ಹಾಳೆಯೂ ನೀರಿಗಿಂತ ಹಗುರ, ತಾನಾಗಿ ತಳದಲ್ಲಿ ಕೂರುವುದಲ್ಲ. ಧರೆಯ ಬುಡದಲ್ಲಿ ಬಸಿಗಾಲುವೆ ತೆಗೆದು, ತಳಕ್ಕೆ ಗುಂಡುಕಲ್ಲು ಇಳಿಸಿದ ಮೇಲೆ ಎಮ್ಮೆ ಮತ್ತೆ ಏಳಲಿಲ್ಲ. ಇದರ ಬಗ್ಗೆ ಮಾರಿದವರಾಗಲಿ ಹಾಸಿದವರಾಗಲಿ ಒಂದು ಮಾತೂ ಆಡಿರಲಿಲ್ಲ. ಮಲೆನಾಡಿನಲ್ಲಿ ವ್ಯಾಪಾರ ಮಾಡುವವರಿಗೆ ಇಷ್ಟು ತಿಳಿದಿರಬೇಡವೇ?

ಹಾಳೆಗೆ ಮಾತ್ರ ಪೂರ್ತಿ ಅಂಕ. ಈ ಏಪ್ರಿಲ್‌ನಲ್ಲಿ ವಾರಕ್ಕೆ ಎರಡು ಬಾರಿ ನಾಲ್ಕು ಕೊಡ ನೀರು ಹೊಯ್ದದ್ದು ಬಿಟ್ಟರೆ ಬೇರೆ ಆರೈಕೆ ಬೇಡವಾಯಿತು; ಕೊಳ ಇಳಿದದ್ದು ಬಿಸಿಲಿಗೆ ಆರಿದಷ್ಟೇ. ಇನ್ನೊಂದು ಕೊಳ ಮಾಡಿದರೆ ಇದೇ ದಪ್ಪದ ಹಾಳೆಯನ್ನು ಬೇರೆ ಅಂಗಡಿಯಲ್ಲಿ, ಟೇಪು ನಾನೇ ಹಿಡಿದು ಕೊಳ್ಳುತ್ತೇನೆ. ಈಶಾನ್ಯದ ಮೂಲೆಯ ಮೇಲೆ ಅತ್ತೆ ತಮ್ಮ ಹಳೆಯ ಒರಳುಕಲ್ಲನ್ನು ತಂದು ಇಡಿಸಿದ್ದಾರೆ. ಅದರ ಗುಳಿಯಲ್ಲಿ ನಿಂತ ನೀರಿಗೆ ಪಿಕಳಾರಗಳು ಬರುತ್ತವೆ, ಕೊಳಕ್ಕೆ ಬರುವುದಿಲ್ಲ.