ಹಳೆಯ ಮಿನಿ ಟ್ರ್ಯಾಕ್ಟರಿಗೆ ಲೇಥ್‌ನಲ್ಲಿ ಮಾಡಿಸಿದ ಕಪ್ಲಿಂಗ್: ಎರಡು ವರ್ಷ, 560 ಗಂಟೆ

ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಅಡಿಕೆ ತೋಟ. 9 ಅಡಿ ಅಂತರದ ಸಾಲುಗಳಲ್ಲಿ ದೊಡ್ಡ ಟ್ರ್ಯಾಕ್ಟರ್ ಹೊರಳುವುದಿಲ್ಲ. ಹಾಗಾಗಿ 18 ಎಚ್‌ಪಿಯ ಹಳೆಯ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರನ್ನೇ ನೆಚ್ಚಿಕೊಂಡಿದ್ದೇವೆ.

2022ರ ಮಳೆಗಾಲದಲ್ಲಿ ಅದರ ಮುಂದಿನ ಚಕ್ರಗಳು ಎಳೆಯುವುದನ್ನೇ ಬಿಟ್ಟವು. ಹಿಂದಿನವು ತಿರುಗಿ ತಿರುಗಿ ಕೆಸರಿನಲ್ಲಿ ಹೂತುಕೊಳ್ಳುತ್ತಿದ್ದವು, ಹೊಟ್ಟೆಯಡಿಯಿಂದ ಕಟಕಟ ಸದ್ದು. ಗೇರ್‌ಬಾಕ್ಸಿನಿಂದ ಮುಂದಿನ ಆಕ್ಸಲ್‌ಗೆ ಹೋಗುವ ಶಾಫ್ಟಿನ ಎರಡೂ ತುದಿಗೆ, ಅದನ್ನು ಜೋಡಿಸುವ ಒಳಹಲ್ಲಿನ ಒಂದೊಂದು ಕಪ್ಲಿಂಗ್ ಇರುತ್ತದೆ. ಬಿಚ್ಚಿ ನೋಡಿದರೆ ಹಲ್ಲುಗಳೆಲ್ಲ ಗರಗಸದಂತೆ ಒಂದೇ ಬದಿಗೆ ಚೂಪಾಗಿದ್ದವು. ಗ್ರೀಸ್ ಇರಬೇಕಾದ ಕಡೆ ಕುಂಕುಮದಂಥ ಕೆಂಪು ಹುಡಿ ಉದುರಿತು. ಒಣಗಿದ ಹಲ್ಲುಗಳು ಒಂದಕ್ಕೊಂದು ಉಜ್ಜಿ ಹುಟ್ಟಿದ ತುಕ್ಕು ಅದು.

ಮೊದಲು ಬಿಡಿಭಾಗದ ಅಂಗಡಿಯಿಂದ 1,400 ರೂಪಾಯಿಗೆ ಜೋಡಿ ತಂದು ಹಾಕಿದೆ. 110 ಗಂಟೆ ದುಡಿಯುವಷ್ಟರಲ್ಲಿ ಮತ್ತೆ ಅದೇ ಸದ್ದು. ಅರ ಹಚ್ಚಿದರೆ ಬೆಲ್ಲದಂತೆ ಸವೆಯುವ ಮೆತ್ತನೆಯ ಕಬ್ಬಿಣ! ಆದರೆ ತಪ್ಪೆಲ್ಲ ಅದರದ್ದಲ್ಲ ಎಂದು ತಿಳಿದದ್ದು ದಾವಣಗೆರೆಯ ಲೇಥ್ ಅಂಗಡಿಗೆ ಹೋದ ಮೇಲೆ. ಅಲ್ಲಿರುವುದು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇಥ್, ಅದರ ಮುಂದೆ ತಲೆ ನರೆತ ಟರ್ನರ್. ಶಾಫ್ಟಿನ ತುದಿಯನ್ನು ಉಗುರಿನಿಂದ ಸವರಿ, "ಯಜಮಾನರೇ, ಇದರ ಹಲ್ಲೂ ಹೋಗಿದೆ. ಹಳೆಯ ಶಾಫ್ಟಿಗೆ ಹೊಸ ಕಪ್ಲಿಂಗ್ ಎಷ್ಟು ಹಾಕಿದರೂ ನಿಲ್ಲುವುದಿಲ್ಲ" ಎಂದರು.

ಎರಡನ್ನೂ ಅವರೇ ಮಾಡಿಕೊಟ್ಟರು. ಶಾಫ್ಟಿಗೆ ಇಎನ್-19 ದರ್ಜೆಯ ಉಕ್ಕು, ಕಪ್ಲಿಂಗಿಗೆ ಅದಕ್ಕಿಂತ ತುಸು ಮೆದುವಾದ ಇಎನ್-8. ಸವೆಯುವುದಾದರೆ ಅಗ್ಗದ್ದು ಮೊದಲು ಸವೆಯಲಿ ಎಂಬ ಲೆಕ್ಕ ನನಗೆ ಬಹಳ ಹಿಡಿಸಿತು. ಒಳಹಲ್ಲನ್ನು ಸ್ಲಾಟಿಂಗ್ ಯಂತ್ರದಲ್ಲಿ ಒಂದೊಂದಾಗಿ ಕೊರೆಯಬೇಕು. ಮೂರು ದಿನ ಹಿಡಿಯಿತು, ಒಟ್ಟು 5,800 ರೂಪಾಯಿ ಆಯಿತು.

ಅಲ್ಲಿಂದೀಚೆಗೆ 560 ಗಂಟೆ ದುಡಿಸಿದ್ದೇನೆ. ಎಂಜಿನ್ ನಿಲ್ಲಿಸಿ ಶಾಫ್ಟನ್ನು ಕೈಯಿಂದ ಅತ್ತಿತ್ತ ತಿರುಗಿಸಿದರೆ ಮೊದಲು ಅರ್ಧ ಬೆರಳಿನಷ್ಟು ಆಡುತ್ತಿತ್ತು, ಈಗ ಆಟ ಕಾಣುವುದೇ ಕಷ್ಟ. 50 ಗಂಟೆಗೊಮ್ಮೆ ಮಾಲಿಬ್ಡಿನಮ್ ಬೆರೆತ ಗ್ರೀಸ್ ತುಂಬುತ್ತೇನೆ. ಕಾಲುವೆ ನೀರು ಬಿಟ್ಟ ಮರುದಿನವೂ ತೋಟದೊಳಗೆ ಟ್ರೇಲರ್ ಎಳೆಯುತ್ತದೆ.

ಕೊರತೆಯೂ ಇದೆ. ಒಂದು ಕಪ್ಲಿಂಗ್ ಬಿಗಿಯಾಗಿ ಕೂತಿತ್ತು, ಎರಡು ಹಲ್ಲನ್ನು ಅರದಿಂದ ತೀಡಬೇಕಾಯಿತು. ಕೆಸರು ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಕೂರುವ ತೋಡನ್ನು ಕೊರೆಯಲು ಅವರು ಮರೆತಿದ್ದರು. ಕೆಸರು ಒಳನುಗ್ಗಿ ಗ್ರೀಸ್ ಮರಳುಮರಳಾಯಿತು. ಸದ್ಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕ್ಲಿಪ್ ಬಿಗಿದಿದ್ದೇನೆ. ಮಾಡಿಸುವವರು ಹಳೆಯ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಆ ತೋಡನ್ನು ತೋರಿಸಿ ಹೇಳಿ.

ಇನ್ನೊಂದನ್ನು ಒತ್ತಿ ಹೇಳಬೇಕು. ಇಂಥ ಟ್ರ್ಯಾಕ್ಟರುಗಳಲ್ಲಿ ಮುಂದಿನ ಚಕ್ರದ ವೇಗವನ್ನು ಹಿಂದಿನದಕ್ಕಿಂತ ಚೂರು ಹೆಚ್ಚೇ ಇಟ್ಟಿರುತ್ತಾರೆ. ಮೆತ್ತನೆಯ ಮಣ್ಣಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರಲು ಜಾಗವಿಲ್ಲದೆ ತಿರುಚೆಲ್ಲ ಕಪ್ಲಿಂಗಿನ ಹಲ್ಲಿಗೆ ಬೀಳುತ್ತದೆ. ನನ್ನ ತಮ್ಮ ಸಂತೇಬೆನ್ನೂರಿನವರೆಗೂ ಫೋರ್ ವೀಲ್ ಲಿವರ್ ಹಾಕಿಕೊಂಡೇ ಹೋಗಿಬರುತ್ತಿದ್ದ. ಮುಂದಿನ ಟೈರುಗಳನ್ನೂ ಬೇರೆ ಅಳತೆಯವು ಹಾಕಿಸಿದ್ದೆವು, ಅದರಿಂದಲೂ ಆ ವೇಗದ ಲೆಕ್ಕ ತಪ್ಪಿತ್ತು. ಈಗ ಸರಿಯಾದ ಅಳತೆಯ ಟೈರು ಹಾಕಿದ್ದೇವೆ. ತೋಟದ ಗೇಟು ದಾಟುವ ಮುನ್ನ ಅವನೇ ಲಿವರ್ ತೆಗೆಯುತ್ತಾನೆ.