ಒಮಾನ್‌ಗೆ ಬಂದರೆ ಮರಳಿಗಿಂತ ಮೊದಲು ನೀರು ನೋಡಿ

ಒಮಾನ್ ನೋಡಲು ಬರುವವರಿಗೆ ಟೂರ್ ಕಂಪನಿಗಳು ಕೊಡುವ ಪಟ್ಟಿ ಹೆಚ್ಚುಕಮ್ಮಿ ಒಂದೇ. ಒಂದು ದಿನ ಮಸ್ಕತ್, ಒಂದು ರಾತ್ರಿ ಮರಳುಗಾಡಿನ ಕ್ಯಾಂಪ್, ಒಂದು ಕಣಿವೆಯಲ್ಲಿ ಈಜು, ಅಲ್ಲಿಗೆ ಮುಗಿಯಿತು. ನಾನಿರುವುದು ಮಸ್ಕತ್‌ನ ರೂವಿಯಲ್ಲಿ. ಊರಿಂದ ಯಾರೇ ಬಂದರೂ ಸುತ್ತಾಡಿಸುವ ಕೆಲಸ ನನಗೇ ಬರುತ್ತದೆ. ಮಕ್ಕಳು, ಮೊಣಕಾಲು ನೋವಿನ ದೊಡ್ಡಮ್ಮ, ಹೊಸದಾಗಿ ಮದುವೆಯಾದವರು, ಹೀಗೆ ಎಲ್ಲ ಥರದವರ ಜೊತೆ ಈ ಜಾಗಗಳಿಗೆ ಹೋಗಿದ್ದೇನೆ. ಅದರ ಮೇಲೆ ಹೇಳುತ್ತಿದ್ದೇನೆ: ಮರಳು ಖಂಡಿತ ನೋಡಿ, ಆದರೆ ಸಮಯ ಕಮ್ಮಿ ಇದ್ದರೆ ಮೊದಲು ನೀರು ನೋಡಿ. ಮಳೆಯೇ ಅಪರೂಪವಾದ ನೆಲದಲ್ಲಿ ಇಷ್ಟು ಊರುಗಳು, ಇಷ್ಟು ಖರ್ಜೂರದ ತೋಟಗಳು ಹೇಗೆ ಉಳಿದವು ಅನ್ನೋದು ಗೊತ್ತಾದರೆ, ಆಮೇಲೆ ಕೋಟೆ, ಬೆಟ್ಟ, ಮರಳು ಎಲ್ಲವೂ ಬೇರೆಯೇ ಕಾಣುತ್ತವೆ.

ಆ ನೀರಿನ ಹೆಸರು ಫಲಜ್. ಬೆಟ್ಟದ ಬುಡದಲ್ಲಿ, ನೆಲದೊಳಗೆ ನೀರು ಸಿಗುವ ಕಡೆ ಒಂದು ತಾಯಿಬಾವಿ. ಅಲ್ಲಿಂದ ಊರಿನವರೆಗೆ ಸ್ವಲ್ಪವೇ ಇಳಿಜಾರು ಇಟ್ಟು ತೋಡಿದ ಸುರಂಗ. ಪಂಪ್ ಇಲ್ಲ, ಕರೆಂಟ್ ಇಲ್ಲ, ನೀರು ತಾನಾಗಿ ಹರಿದು ಬರುತ್ತದೆ. ಎಲ್ಲ ಫಲಜ್‌ಗಳೂ ಸುರಂಗದವಲ್ಲ. ಕೆಲವು ಬುಗ್ಗೆಯಿಂದ ಬರುತ್ತವೆ, ಕೆಲವು ಕಣಿವೆಯ ಹರಿವಿನಿಂದ. ಒಮಾನ್‌ನಲ್ಲಿ ಇಂದಿಗೂ 3000ದಷ್ಟು ಫಲಜ್‌ಗಳು ಬಳಕೆಯಲ್ಲಿವೆ. ಅದರಲ್ಲಿ ಐದನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ನೋಡಲು ನಾನು ಎಲ್ಲರನ್ನೂ ಮೊದಲು ಕರೆದೊಯ್ಯುವುದು ಬಿರ್ಕತ್ ಅಲ್ ಮೌಜ್‌ಗೆ. ಮಸ್ಕತ್‌ನಿಂದ ನಿಜ್ವಾಗೆ ಹೋಗುವ ದಾರಿಯಲ್ಲಿ, ನಿಜ್ವಾಗಿಂತ ಸ್ವಲ್ಪ ಮೊದಲು ಸಿಗುತ್ತದೆ. ಅಲ್ಲಿರುವುದು ಅಲ್ ಖತ್ಮೈನ್ ಫಲಜ್, ಆ ಐದರಲ್ಲಿ ಒಂದು. ಹಳೆಯ ಕೋಟೆಮನೆಯ ಪಕ್ಕದಲ್ಲೇ ತಿಳಿನೀರು ಹರಿದು ಬಂದು ಮೂರು ಸಮಪಾಲಾಗಿ ಕವಲೊಡೆಯುತ್ತದೆ. ಅಲ್ಲಿಂದ ಬಾಳೆ, ಖರ್ಜೂರದ ತೋಟಗಳಿಗೆ ಹೋಗುತ್ತದೆ. ಹಿಂದೆ ಗುಡ್ಡದ ಮೇಲೆ ಪಾಳುಬಿದ್ದ ಮಣ್ಣಿನ ಮನೆಗಳು. ಹೆಚ್ಚಿನ ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುವುದೇ ಇಲ್ಲ. ನಿಂತರೂ ಹತ್ತು ನಿಮಿಷದಲ್ಲಿ ಫೋಟೋ ತೆಗೆಸಿ ಹೊರಡಿಸುತ್ತಾರೆ. ನನಗೆ ಇದು ತುಂಬ ಬೇಸರದ ವಿಷಯ.

ಅಪ್ಪನನ್ನು ಕರೆದುಕೊಂಡು ಹೋದಾಗ ಅವರು ಅಲ್ಲಿಂದ ಏಳಲೇ ಇಲ್ಲ. ನಮ್ಮದು ವಿಟ್ಲದ ಕಡೆ. ಅಡಿಕೆ ತೋಟಕ್ಕೆ ಸುರಂಗದ ನೀರೇ ಆಧಾರ. ಪುತ್ತೂರು, ಬಂಟ್ವಾಳ, ಕಾಸರಗೋಡಿನ ಒಳಹಳ್ಳಿಗಳಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುತ್ತಾರಲ್ಲ, ಅದರ ಲೆಕ್ಕಾಚಾರ ಅಪ್ಪನಿಗೆ ಬಾಯಿಪಾಠ. ಅವರು ಕೇಳಿದ ಮೊದಲ ಪ್ರಶ್ನೆಯೇ "ಒಳಗೆ ಕೆಲಸ ಮಾಡುವವನಿಗೆ ಗಾಳಿ ಎಲ್ಲಿಂದ?" ಅಂತ. ಊರಲ್ಲಾದರೆ ಸುರಂಗದೊಳಗೆ ದೀಪ ಮಂಕಾದರೆ ಹೊರಗೆ ಬಂದುಬಿಡುತ್ತಾರೆ.

ಉತ್ತರ ಕೊಟ್ಟವರು ತೋಟಕ್ಕೆ ಹೊರಟಿದ್ದ ಒಬ್ಬ ಹಿರಿಯರು. ಹಳೆಯ ತಲೆಮಾರಿನ ಒಮಾನಿಗಳಲ್ಲಿ ಹಿಂದಿ ಬಲ್ಲವರು ತುಂಬ ಜನ ಇದ್ದಾರೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿಂದ ಕೆಳಕ್ಕೆ ಬಾವಿಯಂಥ ಕಂಡಿಗಳಿರುತ್ತವೆ, ಗಾಳಿಯೂ ಅಲ್ಲಿಂದಲೇ, ಮಣ್ಣು ಎತ್ತುವುದೂ ಅಲ್ಲಿಂದಲೇ ಎಂದರು. ಅಪ್ಪ ಕನ್ನಡದಲ್ಲಿ ಕೇಳುವುದು, ನಾನು ಹಿಂದಿಯಲ್ಲಿ ದಾಟಿಸುವುದು, ಅವರು ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸುವುದು. ಹೀಗೇ ಮಾತು ಬೆಳೆಯಿತು.

ನೀರು ಹಂಚುವ ಕ್ರಮ ಕೇಳಿದ ಮೇಲಂತೂ ಅಪ್ಪನ ಮುಖ ಅರಳಿತು. ಮೊದಲ ನೀರು ಕುಡಿಯಲು. ಆಮೇಲೆ ಮಸೀದಿಗೆ, ಸ್ನಾನಕ್ಕೆ. ಕೊನೆಗೆ ತೋಟಕ್ಕೆ. ತೋಟದ ಪಾಲನ್ನು ಹೊತ್ತಿನಲ್ಲಿ ಅಳೆಯುತ್ತಾರೆ. ಒಂದು ಅಥರ್ ಅಂದರೆ ಸುಮಾರು ಅರ್ಧ ಗಂಟೆಯ ನೀರು. ಹಿಂದೆ ಹಗಲು ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಬದಲಾಯಿಸುತ್ತಿದ್ದರು. ಲೆಕ್ಕ ನೋಡಿಕೊಳ್ಳಲು ಊರಿನವರೇ ಒಬ್ಬ ಮೇಲ್ವಿಚಾರಕನನ್ನು ನೇಮಿಸುತ್ತಾರೆ, ಅವನನ್ನು ವಕೀಲ್ ಅನ್ನುತ್ತಾರೆ. ಕೆಲವು ಪಾಲನ್ನು ಹರಾಜು ಹಾಕಿ, ಬಂದ ದುಡ್ಡಲ್ಲಿ ಕಾಲುವೆಯ ಹೂಳು ತೆಗೆಸುತ್ತಾರೆ. "ನಮ್ಮಲ್ಲಿ ಇಷ್ಟು ಶಿಸ್ತು ಇದ್ದಿದ್ದರೆ ಬೋರ್‌ವೆಲ್ ಯಾಕೆ ಬೇಕಿತ್ತು" ಅಂದರು ಅಪ್ಪ. ಬೀದರ್‌ನ ನೌಬಾದ್ ಬಳಿ ಬಹಮನಿ ಕಾಲದ ಕರೇಜ್ ಎಂಬ ನೆಲದಡಿಯ ಕಾಲುವೆ ಇದೆಯಲ್ಲ, ಅದೂ ಇದೇ ಬಳಗದ್ದು. ಅದನ್ನು ನೋಡಿದವರು ಇಲ್ಲಿಗೆ ಬಂದರೆ ಇನ್ನೂ ಜಾಸ್ತಿ ಖುಷಿಪಡುತ್ತಾರೆ.

ಫಲಜ್ ಊರಿನೊಳಗೇ ಹರಿಯುವುದನ್ನು ನೋಡಬೇಕಾದರೆ ಮಿಸ್ಫತ್ ಅಲ್ ಅಬ್ರಿಯೀನ್‌ಗೆ ಹೋಗಿ. ನಿಜ್ವಾದಿಂದ ಅಲ್ ಹಮ್ರಾ ದಾಟಿ ಬೆಟ್ಟ ಹತ್ತಬೇಕು. ಬಂಡೆಯ ಮೇಲೇ ಕಟ್ಟಿದ ಕಲ್ಲು ಮಣ್ಣಿನ ಮನೆಗಳು, ಅವುಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ತೋಟ, ಪಕ್ಕದಲ್ಲಿ ನೀರಿನ ಸದ್ದು. 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸ ಸಂಸ್ಥೆ ಇದನ್ನು ಅತ್ಯುತ್ತಮ ಪ್ರವಾಸಿ ಹಳ್ಳಿಗಳಲ್ಲಿ ಒಂದೆಂದು ಗುರುತಿಸಿತು. ಹಳೆಯ ಕೆಲವು ಮನೆಗಳಲ್ಲಿ ಉಳಿಯಲು ಕೋಣೆ ಕೊಡುತ್ತಾರೆ. ಮರಳುಗಾಡಿನ ಕ್ಯಾಂಪಿಗೆ ಕೊಡುವ ದುಡ್ಡನ್ನು ಇಲ್ಲಿಗೆ ಕೊಡಿ ಅನ್ನೋದು ನನ್ನ ಸಲಹೆ. ಆದರೆ ಮೆಟ್ಟಿಲುಗಳು ಏರುಪೇರು, ಕಾಲು ನೋವಿದ್ದವರಿಗೆ ಕಷ್ಟ. ಇದು ಜನ ಬಾಳುವ ಊರು, ಮೈತುಂಬ ಬಟ್ಟೆ ಹಾಕಿಕೊಳ್ಳಿ. ಕೇಳದೆ ಹೆಂಗಸರ ಫೋಟೋ ತೆಗೆಯಬೇಡಿ. ಅವರ ಕಾಲುವೆಯಲ್ಲಿ ಸೋಪು ಹಚ್ಚಿ ಕೈಕಾಲು ತೊಳೆಯಬೇಡಿ, ಹಾಗೆ ಮಾಡುವ ಪ್ರವಾಸಿಗರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿಜ್ವಾ ಕೋಟೆಗೆ ನಾವು ಹೋದಾಗ ಹೊರಗಿನವರಿಗೆ 5 ರಿಯಾಲ್ ಟಿಕೆಟ್ ಇತ್ತು. ಒಂದು ರಿಯಾಲ್ ಅಂದರೆ 200 ರೂಪಾಯಿಗೂ ಜಾಸ್ತಿ, ಲೆಕ್ಕ ಹಾಕಿಕೊಳ್ಳಿ. ದುಬಾರಿಯೇ, ಆದರೂ ಕೊಡಬಹುದು. 17ನೇ ಶತಮಾನದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ್ದು, ಹನ್ನೆರಡು ವರ್ಷ ಹಿಡಿಯಿತಂತೆ. ದುಂಡು ಬುರುಜಿನ ಎತ್ತರ ಸುಮಾರು 30 ಮೀಟರ್. ಒಳಗೆ ಹತ್ತುವ ಮೆಟ್ಟಿಲಿನ ತಿರುವುಗಳಲ್ಲಿ ಮೇಲೆ ಕಂಡಿಗಳಿವೆ. ನುಗ್ಗಿ ಬಂದ ಶತ್ರುವಿನ ಮೇಲೆ ಅಲ್ಲಿಂದ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದರು. ಮಕ್ಕಳಿಗೆ ಇದನ್ನು ಹೇಳಿದರೆ ಸಾಕು, ಒಂದೊಂದು ಕಂಡಿಯನ್ನೂ ಹುಡುಕುತ್ತಾರೆ. ಬುರುಜಿನ ಮೇಲೆ ನಿಂತರೆ ಸುತ್ತ ಕಣ್ಣಿಗೆಟುಕುವಷ್ಟು ಖರ್ಜೂರದ ತೋಟ. ಅದೆಲ್ಲ ಫಲಜ್ ನೀರು ಕುಡಿದು ಬೆಳೆದದ್ದು.

ಜೆಬೆಲ್ ಅಖ್ದರ್ ಬೆಟ್ಟಕ್ಕೆ ಫೋರ್ ವೀಲ್ ಡ್ರೈವ್ ಗಾಡಿ ಇಲ್ಲದಿದ್ದರೆ ಬುಡದಲ್ಲೇ ಪೊಲೀಸರು ತಡೆಯುತ್ತಾರೆ. ಸಣ್ಣ ಕಾರು ಬಾಡಿಗೆಗೆ ತೆಗೆದುಕೊಂಡು ಬಂದು ವಾಪಸ್ ಹೋಗುವವರು ಇದ್ದೇ ಇರುತ್ತಾರೆ. ಮೇಲಿನ ಸೈಕ್ ಬಯಲು ಸುಮಾರು 2000 ಮೀಟರ್ ಎತ್ತರದಲ್ಲಿದೆ. ಮಾರ್ಚ್ ಕೊನೆಯಿಂದ ಮೇ ಶುರುವಿನವರೆಗೆ ಗುಲಾಬಿಯ ಕಾಲ. ಮಣ್ಣಿನ ಒಲೆಯ ಮೇಲೆ ಗುಲಾಬಿ ನೀರು ಇಳಿಸುವುದನ್ನು ನೋಡಲು ಸಿಗುತ್ತದೆ. ಆ ಕಾಲದಲ್ಲಿ ಬಂದರೆ ಇದನ್ನು ಬಿಡಲೇಬೇಡಿ. ಬೇರೆ ಕಾಲದಲ್ಲಾದರೆ ತಂಪು ಗಾಳಿ, ಮೆಟ್ಟಿಲು ಗದ್ದೆ ನೋಡಿ ಸಂಜೆಗೆ ಇಳಿದುಬಿಡಬಹುದು.

ಕಣಿವೆಗಳ ವಿಷಯ. ಇಲ್ಲಿ ವಾದಿ ಅನ್ನುತ್ತಾರೆ. ಎಲ್ಲರೂ ಕೇಳುವುದು ವಾದಿ ಶಾಬ್. ಮಸ್ಕತ್‌ನಿಂದ ಸೂರ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ತೀವಿ ಊರಿನ ಹತ್ತಿರ. ದೋಣಿಯಲ್ಲಿ ನೀರು ದಾಟಬೇಕು, ನಾವು ಹೋದಾಗ ಹೋಗಿ ಬರಲು 1 ರಿಯಾಲ್. ಆಮೇಲೆ ಮುಕ್ಕಾಲು ಗಂಟೆ ಕಲ್ಲಿನ ಮೇಲೆ ನಡಿಗೆ. ಕೊನೆಗೆ ಹಸಿರು ನೀರಿನ ಹೊಂಡಗಳಲ್ಲಿ ಈಜುತ್ತ ಹೋದರೆ, ತಲೆ ಮಾತ್ರ ಹಿಡಿಸುವಂಥ ಬಂಡೆಯ ಸಂದಿನ ಆಚೆ ಒಂದು ಗುಹೆ, ಒಳಗೆ ಜಲಪಾತ. ಈಜು ಚೆನ್ನಾಗಿ ಬಂದರೆ ಇದಕ್ಕಿಂತ ಚಂದದ ಜಾಗ ಇಲ್ಲ. ಬಾರದಿದ್ದರೆ ಸಂದಿನವರೆಗೆ ಹೋಗಲೇಬೇಡಿ. ಅಲ್ಲಿ ಕಾಲಿಗೆ ನೆಲ ಸಿಗದು.

ವಯಸ್ಸಾದವರಿಗೆ, ಮಕ್ಕಳಿಗೆ ವಾದಿ ಬನಿ ಖಾಲಿದ್ ಒಳ್ಳೆಯದು. ವರ್ಷವಿಡೀ ನೀರು. ಕಾರ್ ನಿಲ್ಲಿಸಿದ ಜಾಗದಿಂದ ಕಾಲುವೆಯ ಪಕ್ಕದಲ್ಲೇ ಸಮತಟ್ಟಾದ ದಾರಿ. ದೊಡ್ಡಮ್ಮ ಕೂಡ ಆರಾಮವಾಗಿ ನಡೆದು ಹೋಗಿ ನೀರಲ್ಲಿ ಕಾಲು ಇಳಿಬಿಟ್ಟು ಕೂತರು. ವಾರದ ರಜೆ ಶುಕ್ರವಾರ, ಶನಿವಾರ. ಆ ಎರಡು ದಿನ ಜನಜಂಗುಳಿ, ಬೇರೆ ದಿನ ಹೋಗಿ. ಹೆಂಗಸರು ಟೀ ಶರ್ಟ್, ಲೆಗ್ಗಿಂಗ್ಸ್ ಹಾಕಿಕೊಂಡೇ ನೀರಿಗಿಳಿಯಬೇಕು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಬೆಟ್ಟದ ಕಡೆ ಮೋಡ ಕಂಡರೆ ವಾದಿಗೆ ಹೋಗಬೇಡಿ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಸುರಿದ ಮಳೆ ಬೋಳು ಬಂಡೆಯ ಮೇಲೆ ಇಂಗದೆ ಒಮ್ಮೆಲೇ ನುಗ್ಗಿ ಬರುತ್ತದೆ. ರಸ್ತೆ ವಾದಿಯನ್ನು ದಾಟುವ ಕಡೆ ಕೆಂಪು ಗುರುತಿನ ಕಂಬಗಳಿರುತ್ತವೆ. ನೀರು ಕೆಂಪು ಮುಟ್ಟಿದರೆ ಎಷ್ಟೇ ದೊಡ್ಡ ಗಾಡಿಯಾದರೂ ನಿಲ್ಲಿಸಿಬಿಡಿ.

ಈಗ ಮರಳು. ಶರ್ಕಿಯಾ ಮರಳುಗಾಡು, ಹಳಬರ ಬಾಯಲ್ಲಿ ವಹೀಬಾ. 12,500 ಚದರ ಕಿಲೋಮೀಟರ್ ವಿಸ್ತಾರ, 100 ಮೀಟರ್ ಎತ್ತರದ ದಿಬ್ಬಗಳು. ಬಿದಿಯಾ ಊರಲ್ಲಿ ಟೈರಿನ ಗಾಳಿ ಇಳಿಸಿಕೊಂಡು ಒಳಗೆ ಹೋಗಬೇಕು. ಅಭ್ಯಾಸ ಇಲ್ಲದವರು ತಾವೇ ಓಡಿಸದೆ ಕ್ಯಾಂಪಿನವರ ಗಾಡಿಯಲ್ಲೇ ಹೋಗುವುದು ಒಳ್ಳೆಯದು. ಬೆಳಗಿನ ಹೊತ್ತು ದಿಬ್ಬದ ಒಂದು ಮಗ್ಗುಲು ಕೇಸರಿ, ಇನ್ನೊಂದು ಮಗ್ಗುಲು ನೇರಳೆ. ಅದು ನಿಜಕ್ಕೂ ನೋಡಬೇಕಾದದ್ದೇ.

ಆದರೆ ನಾವು ಉಳಿದ ಕ್ಯಾಂಪ್ ಬಗ್ಗೆ ನನಗೆ ಸಿಟ್ಟಿದೆ. ಸಸ್ಯಾಹಾರಿಗಳು ಇದ್ದೇವೆ ಅಂತ ಮೊದಲೇ ಹೇಳಿ ಒಪ್ಪಿಸಿದ್ದೆವು. ಊಟಕ್ಕೆ ಕೂತಾಗ ಇದ್ದದ್ದು ಅನ್ನ, ಹಮ್ಮುಸ್, ಹೆಚ್ಚಿದ ಸೌತೆಕಾಯಿ ಅಷ್ಟೇ. ದಿಬ್ಬದ ಮೇಲಿನ ಸವಾರಿ ಬಾಡಿಗೆಯಲ್ಲೇ ಸೇರಿದೆ ಅಂದಿದ್ದವರು ಅಲ್ಲಿ ಹೋದಮೇಲೆ ಬೇರೆ ದುಡ್ಡು ಕೇಳಿದರು. ಅಪ್ಪನಿಗೆ ಬೆನ್ನು ನೋವು, ನಿಧಾನಕ್ಕೆ ಓಡಿಸಿ ಅಂದರೂ ಡ್ರೈವರ್ ಕೇಳಲಿಲ್ಲ. ರಾತ್ರಿ ನಕ್ಷತ್ರ ನೋಡೋಣ ಅಂತ ಹೊರಗೆ ಬಂದರೆ ಜನರೇಟರ್ ಸದ್ದು, ಸ್ಪೀಕರ್‌ನಲ್ಲಿ ಹಾಡು. ಮರಳುಗಾಡಿಗೆ ಹೋಗುವುದೇ ಕತ್ತಲು ಮತ್ತು ಮೌನಕ್ಕೆ, ಅಲ್ವಾ? ಅದನ್ನೇ ಕಿತ್ತುಕೊಂಡರೆ ಇನ್ನೇನು ಉಳಿಯಿತು? ಬುಕ್ ಮಾಡುವ ಮುನ್ನ ಮೂರು ವಿಷಯ ಬರಹದಲ್ಲೇ ಕೇಳಿ: ಜನರೇಟರ್ ಎಷ್ಟು ಗಂಟೆಗೆ ಆಫ್ ಆಗುತ್ತದೆ, ಸವಾರಿಗೆ ಬೇರೆ ದುಡ್ಡು ಇದೆಯಾ, ಸಸ್ಯಾಹಾರ ಅಂದರೆ ಏನೇನು ಕೊಡುತ್ತೀರಿ.

ರಾಸ್ ಅಲ್ ಜಿನ್ಜ್‌ನಲ್ಲಿ ಹಸಿರು ಕಡಲಾಮೆಗಳು ಮೊಟ್ಟೆ ಇಡಲು ದಡಕ್ಕೆ ಬರುತ್ತವೆ. ಮಾರ್ಗದರ್ಶಕರ ಜೊತೆ ರಾತ್ರಿ ಅಥವಾ ನಸುಕಿಗೆ ಮಾತ್ರ ಬಿಡುತ್ತಾರೆ, ಫ್ಲ್ಯಾಶ್ ಹಾಕುವಂತಿಲ್ಲ. ಶಿಸ್ತಾಗಿ ನಡೆಸುತ್ತಾರೆ, ನನಗೆ ಮೆಚ್ಚುಗೆಯಾಯಿತು. ಜಾಸ್ತಿ ಆಮೆ ಬರುವುದು ಬೇಸಿಗೆಯಲ್ಲಿ.

ಮಸ್ಕತ್‌ನಲ್ಲಿ ಸುಲ್ತಾನ್ ಕಾಬೂಸ್ ಮಸೀದಿಗೆ ಮುಸ್ಲಿಮರಲ್ಲದವರಿಗೆ ಬೆಳಗ್ಗೆ 8ರಿಂದ 11ರವರೆಗೆ ಪ್ರವೇಶ, ಶುಕ್ರವಾರ ಇಲ್ಲ. 2001ರಲ್ಲಿ ತೆರೆದದ್ದು. ಅದರ ಕಲ್ಲು ನಮ್ಮ ದೇಶದ್ದು, 3 ಲಕ್ಷ ಟನ್ ಮರಳುಗಲ್ಲು ಭಾರತದಿಂದ ಬಂತು. ಒಳಗಿನ ಒಂದೇ ರತ್ನಗಂಬಳಿ 21 ಟನ್ ತೂಕ, 170 ಕೋಟಿ ಗಂಟು. ಇರಾನಿನ ಹೆಂಗಸರು ನಾಲ್ಕು ವರ್ಷ ಕೂತು ನೇಯ್ದದ್ದು. ಎಂಟಕ್ಕೇ ಹೋಗಿ, ಒಂಬತ್ತೂವರೆಗೆ ಬಸ್ಸುಗಳು ಬಂದು ತುಂಬಿಬಿಡುತ್ತದೆ. ಸಂಜೆ ಮುತ್ರಾ ಸೂಕ್, ಅಂದರೆ ಹಳೆಯ ಪೇಟೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಬರುತ್ತಿತ್ತು, ಅವನದೇ ವ್ಯಾಪಾರದ ಕೋಠಿ ಇಲ್ಲಿತ್ತು. ಈಗ ನೀವು ಕೊಳ್ಳಬೇಕಾದದ್ದು ಲುಬಾನ್, ಅಂದರೆ ಧೂಪದ ಅಂಟು. ಹಸಿರು ಛಾಯೆಯ ಹೊಜರಿ ಕೇಳಿ, ಬೆಲೆ ಎರಡು ಅಂಗಡಿಯಲ್ಲಿ ವಿಚಾರಿಸಿ. ಮಧ್ಯಾಹ್ನ ಒಂದರಿಂದ ನಾಲ್ಕು ಗಂಟೆವರೆಗೆ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.

ಸಲಾಲಾದ ಮಳೆಗಾಲ ಚಂದ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಅದು ಮಸ್ಕತ್‌ನಿಂದ 1000 ಕಿಲೋಮೀಟರ್ ದೂರ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವುದು ನಮ್ಮ ಕರಾವಳಿಗೆ ಬರುವ ಅದೇ ಮುಂಗಾರು. ದಾರಿಬದಿಯಲ್ಲಿ ಎಳನೀರು, ಬಾಳೆ ಮಾರುತ್ತಾರೆ. ಉಡುಪಿ, ಮಂಗಳೂರಿನವರು ಮಳೆ ನೋಡಲು ಅಷ್ಟು ಖರ್ಚು ಮಾಡಬೇಕಿಲ್ಲ. ವಾದಿ ದೌಕಾದ ಲುಬಾನ್ ಮರಗಳನ್ನು ನೋಡುವ ಆಸೆ ಇದ್ದರೆ ಅದನ್ನೇ ಒಂದು ಬೇರೆ ಪ್ರವಾಸ ಮಾಡಿ.

ನವೆಂಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ. ಗುರುವಾರ ಬಿರ್ಕತ್ ಅಲ್ ಮೌಜ್ ನೋಡಿಕೊಂಡು ರಾತ್ರಿ ನಿಜ್ವಾದಲ್ಲಿ ಉಳಿಯಿರಿ. ಶುಕ್ರವಾರ ಬೆಳಗ್ಗೆ ಏಳಕ್ಕೆಲ್ಲ ಕೋಟೆಯ ಪಕ್ಕದ ಜಾನುವಾರು ಸಂತೆ ಶುರುವಾಗಿರುತ್ತದೆ. ಆಡು, ಹಸುಗಳನ್ನು ಸುತ್ತು ಹಾಕಿಸುತ್ತ ಕೂಗಿ ಬೆಲೆ ಹೇಳುತ್ತಾರೆ, ಕೊಳ್ಳುವವರು ಸುತ್ತಲೂ ಕೂತಿರುತ್ತಾರೆ. ಒಂಬತ್ತರ ಹೊತ್ತಿಗೆ ಮುಗಿಯುತ್ತ ಬರುತ್ತದೆ. ಅಲ್ಲಿಂದ ನೇರ ಮಿಸ್ಫತ್‌ಗೆ ಹೊರಟುಬಿಡಿ. ಮಧ್ಯಾಹ್ನದ ಮೇಲೆ ಹೋದರೆ ಊರ ಬಾಗಿಲಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.