ಟೆಸ್ಟ್ ಕ್ಲಾಸಿನ ಮೇಲೆ ಟ್ರಾನ್ಸಾಕ್ಷನಲ್ ಹಾಕಿದ್ದೀರಾ? ಹಾಗಾದರೆ ಇದನ್ನು ಓದಿ

ನಮ್ಮ ಟೆಸ್ಟ್‌ಗಳು ಒಂದೂ ಬಿಡದೆ ಪಾಸ್ ಆಗುತ್ತಿದ್ದವು. ಆದರೂ ಒಂದೇ ಆರ್ಡರಿಗೆ ಮೂರು ರಾತ್ರಿ ಮೂರು ಸಲ ರೀಫಂಡ್ ಹೋಯಿತು. ಗ್ರಾಹಕರೊಬ್ಬರು ತಾವಾಗಿಯೇ "ನನಗೆ ಹಣ ಜಾಸ್ತಿ ಬಂದಿದೆ" ಅಂತ ಬರೆದ ಮೇಲೆ ನಮಗೆ ಗೊತ್ತಾಯಿತು. ಸ್ಪ್ರಿಂಗ್ ಬೂಟ್ (ಜಾವಾ ಫ್ರೇಮ್‌ವರ್ಕ್) ಮತ್ತು ಹೈಬರ್ನೇಟ್ (ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸಿಗೆ ಬರೆದು ಓದುವ ಲೈಬ್ರರಿ) ಬಳಸುವವರು ದಯವಿಟ್ಟು ಪೂರ್ತಿ ಓದಿ.

ರಾತ್ರಿ ಓಡುವ ಒಂದು ಜಾಬ್ ಇತ್ತು. ಬಾಕಿ ಇರುವ ಆರ್ಡರ್‌ಗಳನ್ನು ರೆಪಾಸಿಟರಿಯಿಂದ (ಡೇಟಾಬೇಸ್ ಜೊತೆ ಮಾತಾಡುವ ಕೋಡ್) ತೆಗೆದು, ಒಂದೊಂದಕ್ಕೂ ಹಣ ವಾಪಸ್ ಕಳಿಸಿ, ಸ್ಟೇಟಸ್ ಬದಲಾಯಿಸುವುದು ಅದರ ಕೆಲಸ. ಕೊನೆಗೆ ಡೇಟಾಬೇಸಿಗೆ ಬರೆಯುವ ಸೇವ್ ಮೆಥಡ್ ಕರೆದಿರಲಿಲ್ಲ. ಟ್ರಾನ್ಸಾಕ್ಷನ್ (ಒಟ್ಟಿಗೇ ಉಳಿಯುವ ಇಲ್ಲವೇ ಒಟ್ಟಿಗೇ ರದ್ದಾಗುವ ಡೇಟಾಬೇಸ್ ಕೆಲಸಗಳ ಗುಂಪು) ಒಳಗಿದ್ದಿದ್ದರೆ ಅದು ಬೇಕೂ ಇರಲಿಲ್ಲ, ಬದಲಾದ ಎಂಟಿಟಿಯನ್ನು (ಟೇಬಲ್ಲಿನ ಒಂದು ಸಾಲಿಗೆ ಸಮನಾದ ಆಬ್ಜೆಕ್ಟ್) ಹೈಬರ್ನೇಟ್ ಕಮಿಟ್ ಹೊತ್ತಿಗೆ, ಅಂದರೆ ಟ್ರಾನ್ಸಾಕ್ಷನ್ ಖಾಯಂ ಆಗುವಾಗ, ತಾನೇ ಗುರುತಿಸಿ ಬರೆಯುತ್ತದೆ. ಆದರೆ ಆ ಮೆಥಡ್ ಮೇಲೆ ಟ್ರಾನ್ಸಾಕ್ಷನಲ್ ಅನೊಟೇಶನ್ (ಇದನ್ನು ಟ್ರಾನ್ಸಾಕ್ಷನ್ ಒಳಗೆ ಓಡಿಸು ಅಂತ ಸ್ಪ್ರಿಂಗ್‌ಗೆ ಹೇಳುವ ಗುರುತು) ಹಾಕುವುದು ಬಿಟ್ಟುಹೋಗಿತ್ತು. ರೆಪಾಸಿಟರಿ ಕರೆ ಮುಗಿದ ಕೂಡಲೇ ಎಂಟಿಟಿಗಳು ಡಿಟ್ಯಾಚ್ ಆಗಿದ್ದವು, ಅಂದರೆ ಹೈಬರ್ನೇಟ್ ಅವುಗಳ ಮೇಲೆ ಕಣ್ಣಿಡುವುದನ್ನು ಬಿಟ್ಟಿತ್ತು. ನಾವು ಬದಲಾಯಿಸಿದ್ದು ಮೆಮೊರಿಯಲ್ಲಿ ಮಾತ್ರ. ಹಣ ಹೋಯಿತು, ಸ್ಟೇಟಸ್ ಹಾಗೇ ಉಳಿಯಿತು, ಮರುದಿನ ರಾತ್ರಿ ಅದೇ ಆರ್ಡರ್ ಮತ್ತೆ ಸಾಲಿನಲ್ಲಿ. (ಪೇಮೆಂಟ್ ಕರೆಗೆ ಐಡೆಂಪೊಟೆನ್ಸಿ ಕೀ, ಅಂದರೆ ಅದೇ ಕರೆ ಮತ್ತೆ ಬಂದರೆ ಎರಡನೇ ಸಲ ಹಣ ಹೋಗದಂತೆ ತಡೆಯುವ ಗುರುತು, ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಇಷ್ಟು ನಷ್ಟ ಆಗುತ್ತಿರಲಿಲ್ಲ, ಅದೂ ನಮ್ಮದೇ ತಪ್ಪು.)

ಇದಕ್ಕೆ ಟೆಸ್ಟ್ ಇರಲಿಲ್ಲವಾ? ಇತ್ತು. ಆದರೆ ಒಂದು ಟೆಸ್ಟಿನ ಡೇಟಾ ಇನ್ನೊಂದಕ್ಕೆ ತಾಗಬಾರದು ಅಂತ ನಾನೇ ಟೆಸ್ಟ್‌ಗಳ ಬೇಸ್ ಕ್ಲಾಸಿನ ಮೇಲೆ ಟ್ರಾನ್ಸಾಕ್ಷನಲ್ ಹಾಕಿದ್ದೆ. ಹಾಗೆ ಹಾಕಿದರೆ ಪ್ರತಿ ಟೆಸ್ಟ್ ಮುಗಿದಾಗ ಸ್ಪ್ರಿಂಗ್ ಎಲ್ಲವನ್ನೂ ರೋಲ್‌ಬ್ಯಾಕ್ (ಬರೆದದ್ದನ್ನು ರದ್ದು) ಮಾಡುತ್ತದೆ, ಟೆಸ್ಟ್‌ಗಳು ಬೇಗನೂ ಮುಗಿಯುತ್ತವೆ. ತೊಂದರೆ ಏನಂದರೆ, ಟೆಸ್ಟ್ ತೆರೆದ ಟ್ರಾನ್ಸಾಕ್ಷನ್ ಒಳಗೇ ನಮ್ಮ ಸರ್ವಿಸ್ (ಆ ರೀಫಂಡ್ ಜಾಬಿನ ಕೋಡ್) ಕೂಡ ಓಡುತ್ತದೆ. ಅದಕ್ಕೆ ಇಲ್ಲದೇ ಇದ್ದ ಟ್ರಾನ್ಸಾಕ್ಷನ್ ಅನ್ನು ಟೆಸ್ಟೇ ಕೊಟ್ಟುಬಿಟ್ಟಿತ್ತು. ಆಮೇಲೆ ಐಡಿ ಕೊಟ್ಟು ಆರ್ಡರನ್ನು ಮತ್ತೆ ತೆಗೆದಾಗ ಹೈಬರ್ನೇಟ್ ಡೇಟಾಬೇಸಿಗೆ ಹೋಗಲೇ ಇಲ್ಲ, ಮೆಮೊರಿಯಲ್ಲಿದ್ದ ಅದೇ ಆಬ್ಜೆಕ್ಟನ್ನು ಕೊಟ್ಟಿತು. ನಾವು ಪರೀಕ್ಷಿಸಿದ್ದು ನಮ್ಮದೇ ಆಬ್ಜೆಕ್ಟನ್ನು, ಟೇಬಲ್ಲನ್ನಲ್ಲ.

ಲೇಜಿ ಲೋಡಿಂಗ್ (ಸಂಬಂಧಿಸಿದ ಡೇಟಾವನ್ನು ಬೇಕಾದಾಗ ಮಾತ್ರ ತರುವುದು) ಕೂಡ ಹೀಗೇ, ಟೆಸ್ಟಿನಲ್ಲಿ ಸರಿಯಾಗಿ ಓಡಿ ಪ್ರೊಡಕ್ಷನ್‌ನಲ್ಲಿ ಬೀಳುತ್ತದೆ. ಫ್ಲಶ್ ಆಗದಿದ್ದರೆ, ಅಂದರೆ ಮೆಮೊರಿಯಲ್ಲಿನ ಬದಲಾವಣೆ ಡೇಟಾಬೇಸಿಗೆ ಹೋಗದಿದ್ದರೆ, ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಮೌಲ್ಯ ಎರಡು ಸಲ ಬರಬಾರದೆಂಬ ನಿಯಮ) ಮುರಿದದ್ದೂ ಗೊತ್ತಾಗದೇ ಇರಬಹುದು. ರ‍್ಯಾಂಡಮ್ ಪೋರ್ಟಿನಲ್ಲಿ ನಿಜವಾದ ಸರ್ವರ್ ಎಬ್ಬಿಸಿ ಎಚ್‌ಟಿಟಿಪಿ ಮೂಲಕ ಟೆಸ್ಟ್ ಮಾಡುವವರಿಗೆ ಇನ್ನೊಂದು ಮಾತು: ಸರ್ವರ್ ಬೇರೆ ಥ್ರೆಡ್‌ನಲ್ಲಿ, ಬೇರೆ ಟ್ರಾನ್ಸಾಕ್ಷನ್‌ನಲ್ಲಿ ಓಡುತ್ತದೆ, ಅಲ್ಲಿ ಕಮಿಟ್ ಆದದ್ದನ್ನು ನಿಮ್ಮ ಅನೊಟೇಶನ್ ರೋಲ್‌ಬ್ಯಾಕ್ ಮಾಡುವುದೇ ಇಲ್ಲ. ಜ್ಯಾಂಗೋದವರೂ (ಪೈಥಾನ್ ವೆಬ್ ಫ್ರೇಮ್‌ವರ್ಕ್ ಬಳಸುವವರು) ಸುಮ್ನೆ ಇರಬೇಡಿ, ಅಲ್ಲಿನ ಸಾಮಾನ್ಯ ಟೆಸ್ಟ್‌ಕೇಸ್ ಕಮಿಟ್ ಮಾಡುವುದಿಲ್ಲ, ಹಾಗಾಗಿ ಆನ್ ಕಮಿಟ್‌ಗೆ ಕಟ್ಟಿದ, ಅಂದರೆ ಕಮಿಟ್ ಆದ ಮೇಲೆ ನಡೆಯಲಿ ಅಂತ ಇಟ್ಟ, ಕೆಲಸಗಳು ತಾವಾಗಿ ನಡೆಯುವುದಿಲ್ಲ.

ಈಗ ನಾವು ಸರ್ವಿಸ್ ಟೆಸ್ಟ್‌ಗಳಿಂದ ಆ ಅನೊಟೇಶನ್ ತೆಗೆದಿದ್ದೇವೆ. ಪ್ರತಿ ಟೆಸ್ಟ್ ಶುರುವಾಗುವ ಮುಂಚೆ ಟೇಬಲ್‌ಗಳನ್ನು ಖಾಲಿ ಮಾಡುತ್ತೇವೆ. ಮುಗಿದ ಮೇಲೆ ಅಲ್ಲ, ಮುಂಚೆ. ಆಗ ಬಿದ್ದ ಟೆಸ್ಟಿನ ಡೇಟಾ ಹಾಗೇ ಉಳಿದಿರುತ್ತದೆ, ತೆರೆದು ನೋಡಬಹುದು. ಬರೀ ರೆಪಾಸಿಟರಿ ಟೆಸ್ಟ್‌ಗಳಲ್ಲಿ ರೋಲ್‌ಬ್ಯಾಕ್ ಇಟ್ಟುಕೊಂಡಿದ್ದೇವೆ, ಆದರೆ ಪರೀಕ್ಷಿಸುವ ಮೊದಲು ಫ್ಲಶ್ ಮಾಡಿ, ಕ್ಲಿಯರ್ ಮಾಡಿ (ಹೈಬರ್ನೇಟ್ ಮೆಮೊರಿಯಲ್ಲಿಟ್ಟ ಆಬ್ಜೆಕ್ಟ್‌ಗಳನ್ನು ಖಾಲಿ ಮಾಡಿ), ಆಮೇಲೆ ಓದುತ್ತೇವೆ. ಟೆಸ್ಟ್‌ಗಳು ಮೊದಲಿಗಿಂತ ನಿಧಾನ ಆಗಿವೆ, ನಿಜ.

ಅನೊಟೇಶನ್ ತೆಗೆದು ಮೊದಲ ಸಲ ಓಡಿಸಿದ ದಿನ ಸಾಕಷ್ಟು ಟೆಸ್ಟ್‌ಗಳು ಬಿದ್ದವು. ಹೆಚ್ಚಿನವು ಹಳೇ ಡೇಟಾದ ಗೊಂದಲ. ಆದರೆ ರೀಫಂಡ್ ಟೆಸ್ಟಿನ ಜೊತೆಗೆ ಇನ್ನೆರಡು ನಿಜವಾದ ತಪ್ಪುಗಳೂ ಸಿಕ್ಕವು, ಎರಡೂ ಅಷ್ಟು ಹೊತ್ತಿಗಾಗಲೇ ಪ್ರೊಡಕ್ಷನ್‌ನಲ್ಲಿ ಓಡುತ್ತಿದ್ದವು.